ಮೊದಲು ಮಾತು, ಆಮೇಲೆ ಗುಡುಗು

ಮುಂಬಯಿಯ ಸಂಸಾರದಲ್ಲಿ ಯಾವುದೂ ಒಂದೇ ಸಲಕ್ಕೆ ಆಗುವುದಿಲ್ಲ. ಮೊದಲು ಯಾರದೋ ಖೋಲಿಯಲ್ಲಿ ಒಂದು ಮೂಲೆ, ಆಮೇಲೆ ಚಾಳಿನ ಒಂದು ಕೋಣೆ, ಅದಾದ ಮೇಲೆ ದೂರದ ಉಪನಗರದಲ್ಲಿ ಸಾಲದ ಫ್ಲ್ಯಾಟು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದೇ ಇಲ್ಲಿನ ಕ್ರಮ. ಮನೆಯೊಳಗಿನ ಸಾಮಾನಿಗೂ ಇದೇ ನ್ಯಾಯ. ಒಂದು ದೀಪಾವಳಿಗೆ ಫ್ರಿಜ್ಜು ಬಂದರೆ ಮತ್ತೊಂದಕ್ಕೆ ವಾಷಿಂಗ್ ಮಷೀನು, ಮೂರನೆಯದಕ್ಕೆ ಸೋಫಾ. ಆದ್ದರಿಂದ ನಮ್ಮ ಡೊಂಬಿವಲಿಯ ಮನೆಯಲ್ಲಿ ಹೋಮ್ ಥಿಯೇಟರಿನ ಮಾತು ಎದ್ದಾಗ, ಅದೂ ಕಂತು ಕಂತಾಗಿಯೇ ಬರಬೇಕೆಂಬುದರಲ್ಲಿ ನಮಗೂ ನಮ್ಮಾಕೆಗೂ ಭಿನ್ನಾಭಿಪ್ರಾಯವಿರಲಿಲ್ಲ. ಚರ್ಚೆ ನಡೆದದ್ದೆಲ್ಲ ಮೊದಲ ಕಂತಿನಲ್ಲಿ ಏನು ಬರಬೇಕು ಎಂಬುದರ ಮೇಲೆ.

ಈ ಪದಾರ್ಥದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಹೋಮ್ ಥಿಯೇಟರು ಎಂದರೆ ಸಿನೇಮಾ ಮಂದಿರದಲ್ಲಿ ನಾಲ್ಕೂ ಕಡೆಯಿಂದ ಬರುವ ಸದ್ದನ್ನು ಮನೆಯ ಹಾಲಿನಲ್ಲೇ ಬರಿಸುವ ಏರ್ಪಾಡು. ಅಂಗಡಿಯವರು ‘೫.೧’ ಎನ್ನುತ್ತಾರಲ್ಲ, ಅದರ ಅರ್ಥ ಇಷ್ಟೇ: ಮುಂದೆ ಎಡಕ್ಕೊಂದು ಬಲಕ್ಕೊಂದು ಸ್ಪೀಕರು, ನಡುವೆ ಒಂದು, ಕುಳಿತವರ ಬೆನ್ನ ಆಚೀಚೆ ಎರಡು, ಒಟ್ಟು ಐದು. ಕೊನೆಯ ‘.೧’ ಎಂಬುದು ಗುಡುಗು ಸಿಡಿಲು ತಮಟೆಗಳಿಗೆಂದೇ ಮೀಸಲಾದ ದಪ್ಪ ದನಿಯ ಪೆಟ್ಟಿಗೆ, ಸಬ್ ವೂಫರು. ಇವೆಲ್ಲಕ್ಕೂ ಸದ್ದು ಹಂಚುವ ಯಜಮಾನನಿಗೆ ರಿಸೀವರು ಎಂದು ಹೆಸರು. ಮುಂದಿನ ಎಡ ಬಲದ ಜೋಡಿಯನ್ನು ‘ಮೇನ್ ಸ್ಪೀಕರು’ ಎನ್ನುವ ರೂಢಿ. ನಾವು ಈಗ ಬರೆಯಹೊರಟಿರುವುದು ಆ ಜೋಡಿಯನ್ನು ಹುಡುಕಿದ ಕಥೆಯನ್ನು.

ನಾವು ಬ್ಯಾಂಕಿನ ನೌಕರಿಯಲ್ಲಿ ಸವೆದು ನಿವೃತ್ತರಾದವರು. ಮನೆಯಲ್ಲಿ ನಾವಿಬ್ಬರು, ಮಗ, ಸತಾರಾ ಕಡೆಯ ಮರಾಠಿ ಸೊಸೆ, ಒಂಬತ್ತು ವರ್ಷದ ಮೊಮ್ಮಗ. ಇವರೆಲ್ಲರಿಗೂ ಹಿರಿಯರಾಗಿ ೮೪ ದಾಟಿದ ನಮ್ಮ ತಾಯಿಯವರು. ತಂದೆಯವರು ತೀರಿಕೊಂಡ ಮೇಲೆ ಕುಂದಾಪುರದ ಕಡೆಯ ಹಳ್ಳಿಯ ಮನೆಗೆ ಬೀಗ ಹಾಕಿ ಅಮ್ಮ ನಮ್ಮೊಡನೆ ಬಂದವರು. ಅವರಿಗೆ ಹಿಂದಿ ಬಾರದು, ಇಂಗ್ಲಿಷು ಬಾರದು, ಮರಾಠಿ ಭಾಜಿಯವಳೊಡನೆ ಜಗಳಕ್ಕೆ ಸಾಕಾಗುವಷ್ಟು ಬರುತ್ತದೆ. ಕನ್ನಡವೊಂದೇ ಅವರ ಊರು, ಕೇರಿ, ನೆಂಟರು ಎಲ್ಲ. ಆದರೆ ವಯಸ್ಸು ಕಿವಿಯ ಮೇಲೆ ಕೈಯಿಟ್ಟಿತ್ತು.

೨೦೨೨ರ ಸೆಪ್ಟೆಂಬರಿನಲ್ಲಿ ‘ಕಾಂತಾರ’ ಚಿತ್ರ ಬಿಡುಗಡೆಯಾಯಿತಷ್ಟೆ. ಆ ವರ್ಷದ ಕೊನೆಗೆ ಅದು ಮನೆಯ ಟಿ.ವಿ.ಗೂ ಬಂತು. ಕರಾವಳಿಯ ಮಾತು, ಕರಾವಳಿಯ ದೈವ, ಕಂಬಳದ ಗದ್ದೆ. ಅಮ್ಮನಿಗೆ ಇದಕ್ಕಿಂತ ದೊಡ್ಡ ಹಬ್ಬ ಯಾವುದು ಎಂದುಕೊಂಡು ಮನೆಮಂದಿಯೆಲ್ಲ ಸೇರಿ ಕುಳಿತೆವು. ಹತ್ತು ನಿಮಿಷ ಕಳೆಯುವುದರೊಳಗೆ ಅಮ್ಮ, “ಎಂತ ಹೇಳ್ದ ಅಂವ?” ಎಂದರು. ಹೇಳಿದೆವು. ಮತ್ತೆ ಕೇಳಿದರು, ಮತ್ತೆ ಹೇಳಿದೆವು. ನಾಲ್ಕನೆಯ ಸಲ ಮಗ ಸದ್ದನ್ನು ಹೆಚ್ಚಿಸಿದ. “ಬಾಯ್ ಅಲ್ಲಾಡುದ್ ಕಾಂತತ್ ಮಾರಾಯ, ಮಾತ್ ಕೇಂತಿಲ್ಲ. ಬರೀ ಗದ್ದಲ” ಎಂದು ಅಮ್ಮ ಎದ್ದು ಬಾಲ್ಕನಿಯ ಬಳಿಯ ತಮ್ಮ ಕುರ್ಚಿಗೆ ಹೋಗಿ ಕುಳಿತರು. ಇತ್ತ ಮೊಮ್ಮಗ ಪರದೆಯ ಕೆಳಗಿನ ಇಂಗ್ಲಿಷ್ ಅಕ್ಷರಗಳನ್ನು ಓದುತ್ತ ಚಿತ್ರ ನೋಡುತ್ತಿದ್ದ. ಶಾಲೆಯಲ್ಲಿ ಇಂಗ್ಲಿಷು, ತಾಯಿಯೊಡನೆ ಮರಾಠಿ, ಬಿಲ್ಡಿಂಗಿನ ಹುಡುಗರೊಡನೆ ಹಿಂದಿ. ಕನ್ನಡ ಅವನ ಕಿವಿಗೆ ಬೀಳುವುದು ಈ ಮನೆಯ ನಾಲ್ಕು ಗೋಡೆಗಳ ನಡುವೆ ಮಾತ್ರ. ಒಂದೇ ಹಾಲಿನಲ್ಲಿ ಒಬ್ಬರಿಗೆ ಕನ್ನಡ ಕೇಳಿಸದೆ ಹೋಗುತ್ತಿದೆ, ಇನ್ನೊಬ್ಬನಿಗೆ ಕೇಳುವ ಅಗತ್ಯವೇ ತಪ್ಪುತ್ತಿದೆ ಎಂಬುದು ಆ ರಾತ್ರಿ ನಮಗೂ ನಮ್ಮಾಕೆಗೂ ನಿದ್ದೆ ಬರಗೊಡಲಿಲ್ಲ.

ಈಗಿನ ಟಿ.ವಿ.ಗಳು ಹಪ್ಪಳದಷ್ಟು ತೆಳ್ಳಗೆ. ಅದರೊಳಗೆ ಅಡಗಿರುವ ಸ್ಪೀಕರುಗಳೂ ಅಷ್ಟೇ ಬಡಕಲು. ಹೆಚ್ಚಿನವು ನೆಲಕ್ಕೋ ಹಿಂದಿನ ಗೋಡೆಗೋ ಮುಖ ಮಾಡಿಕೊಂಡು ಮಾತಾಡುತ್ತವೆ. ನಮ್ಮ ಕಡೆಗೆ ಬರುವುದು ಗೋಡೆ ತಿರುಗಿಸಿ ಕಳುಹಿಸಿದ ಉಳಿಕೆ. ಅದಕ್ಕೇ ಹೋಮ್ ಥಿಯೇಟರಿನ ಯೋಚನೆ ಬಂತು.

ಮಗನದು ಕಂಪ್ಯೂಟರ್ ಕಂಪನಿಯ ಉದ್ಯೋಗ, ಅವಸರದ ಸ್ವಭಾವ. “ಅಪ್ಪಾ, ಎಲ್ಲ ಪೆಟ್ಟಿಗೆ ಸೇರಿದ ಸೆಟ್ಟೇ ಕಂತಿನ ಮೇಲೆ ಸಿಗ್ತದೆ. ಒಂದೇ ಸಲಕ್ಕೆ ಮುಗೀತದೆ” ಎಂದ. ನಮ್ಮಾಕೆ ಭಿಶಿಯ ಸರದಿಯ ಹಣ ಕೊಡಲು ಒಪ್ಪಿದವಳು, ಖರ್ಚಿನ ವಿಚಾರದಲ್ಲಿ ಬಹಳ ನಿಷ್ಠುರ. “ಐದು ಬಡ ಸ್ಪೀಕರಿಗಿಂತ ಎರಡು ಗಟ್ಟಿ ಸ್ಪೀಕರು ವಾಸಿ. ಉಳಿದದ್ದು ಬರುವ ವರ್ಷ ನೋಡಿದರಾಯಿತು” ಎಂದಳು. ಶಾಸ್ತ್ರವೂ ಅವಳ ಕಡೆಗೇ ಇತ್ತು. ಸಿದ್ಧ ಸೆಟ್ಟುಗಳಲ್ಲಿ ಅನೇಕವು ಒಂದಕ್ಕೊಂದು ಗಂಟು ಹಾಕಿದಂತಿದ್ದು, ಒಂದು ಕೆಟ್ಟರೆ ಬೇರೆಯದನ್ನು ಅದರ ಜಾಗದಲ್ಲಿ ಕೂರಿಸಲಾಗದು. ಬಿಡಿಬಿಡಿಯಾಗಿ ಕೊಂಡರೆ ಆ ಬಾಧೆಯಿಲ್ಲ. ರಿಸೀವರುಗಳು ನಾಲ್ಕೈದು ವರ್ಷಕ್ಕೆ ಹಳತಾಗುತ್ತವೆ, ಹೊಸ ಹೊಸ ತಂತಿ, ಹೊಸ ಹೊಸ ಪದ್ಧತಿ ಬರುತ್ತಲೇ ಇರುತ್ತವೆ. ಒಳ್ಳೆಯ ಸ್ಪೀಕರು ಮಾತ್ರ ಜೋಪಾನ ಮಾಡಿದರೆ ಇಪ್ಪತ್ತು ವರ್ಷ ಬಾಳುತ್ತದೆ. ಹಾಗಾಗಿ ಮೂರು ವರ್ಷಕ್ಕೆಂದು ಹಾಕಿಕೊಂಡ ಒಟ್ಟು ಲೆಕ್ಕದಲ್ಲಿ ಅರ್ಧದಷ್ಟನ್ನು ಮುಂದಿನ ಜೋಡಿಗೇ ಎತ್ತಿಟ್ಟೆವು. (ಇಷ್ಟೆಲ್ಲ ಬೇಡವೆನ್ನುವವರಿಗೆ ಟಿ.ವಿ.ಯ ಕೆಳಗಿಡುವ ಒಂದೇ ಉದ್ದ ಕೋಲಿನಂಥ ಸೌಂಡ್ ಬಾರು ಇದೆ. ಅದೂ ಬರಿಯ ಟಿ.ವಿ.ಗಿಂತ ಎಷ್ಟೋ ಮೇಲು.)

ಆದರೆ ನಡುವಿನ ಸ್ಪೀಕರಿಲ್ಲದೆ ಮಾತು ಎಲ್ಲಿಂದ ಬರಬೇಕು? ಐದು ದಾರಿಯ ಚಿತ್ರದಲ್ಲಿ ಪಾತ್ರಗಳ ಸಂಭಾಷಣೆ ಬಹುಪಾಲು ನಡುವಿನ ಪೆಟ್ಟಿಗೆಗೇ ಸೇರಿದ್ದು. ಇಲ್ಲಿ ಒಂದು ಹಳೆಯ ಚಮತ್ಕಾರ ನಮ್ಮ ಸಹಾಯಕ್ಕೆ ಬರುತ್ತದೆ. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಎಂಬ ಇಂಜಿನಿಯರು ೧೯೩೧ರ ಡಿಸೆಂಬರಿನಲ್ಲಿ ಎರಡು ಸ್ಪೀಕರುಗಳ ಸ್ಟೀರಿಯೊ ಪದ್ಧತಿಗೆ ಪೇಟೆಂಟ್ ಅರ್ಜಿ ಹಾಕಿದ. ಸಿನೇಮಾ ನೋಡುವಾಗ ನಟ ಪರದೆಯ ಒಂದು ತುದಿಯಲ್ಲಿದ್ದರೂ ಅವನ ಮಾತು ಬೇರೆಲ್ಲಿಂದಲೋ ಬರುವುದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಒಂದೇ ಸದ್ದನ್ನು ಎಡ ಬಲದ ಎರಡೂ ಪೆಟ್ಟಿಗೆಗಳಿಗೆ ಸಮನಾಗಿ ಕೊಟ್ಟು ನಡುವೆ ಕುಳಿತರೆ, ಏನೂ ಇಲ್ಲದ ನಟ್ಟನಡುವಿನಿಂದ ಅದು ಕೇಳಿಬರುತ್ತದೆ. ನಡುವಿನ ಸ್ಪೀಕರು ಇಲ್ಲವೆಂದು ರಿಸೀವರಿಗೆ ಮೊದಲೇ ತಿಳಿಸಿಟ್ಟರೆ ಅದು ಸಂಭಾಷಣೆಯನ್ನು ಎರಡಕ್ಕೂ ಹಂಚಿಬಿಡುತ್ತದೆ. ಒಂದೇ ಷರತ್ತು, ಕೇಳುವವರು ಮಧ್ಯದಲ್ಲಿರಬೇಕು. ಬದಿಗೆ ಸರಿದರೆ ಮಾತೂ ಹತ್ತಿರದ ಪೆಟ್ಟಿಗೆಯ ಕಡೆಗೆ ಸರಿಯುತ್ತದೆ. ಅಂದರೆ ನಮ್ಮ ಮೊದಲ ಜೋಡಿ ಗುಡುಗುವುದನ್ನು ಕಲಿಯುವ ಮೊದಲು ಮಾತಾಡುವುದನ್ನು ಕಲಿತಿರಬೇಕಾಗಿತ್ತು.

ಅಂಗಡಿಗೆ ಹೋಗುವ ಮೊದಲು ಅಮ್ಮನ ಕಿವಿಯನ್ನು ಪರೀಕ್ಷೆ ಮಾಡಿಸಿದೆವು. ಇಂಥ ಪರೀಕ್ಷೆಗೆ ಮುಂಬಯಿಯಲ್ಲಿ ಅನುಕೂಲಗಳಿವೆ. ೧೯೮೩ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಬಾಂದ್ರಾದಲ್ಲಿಯೇ ಇದೆ. ಪರೀಕ್ಷೆಯ ಕೊನೆಗೆ ಆಡಿಯೋಗ್ರಾಮು ಎಂಬ ಒಂದು ನಕ್ಷೆ ಕೈಗೆ ಕೊಡುತ್ತಾರೆ. ಎಡಗಡೆ ದಪ್ಪ ದನಿ, ಬಲಗಡೆ ಸಣ್ಣ ದನಿ. ಅಮ್ಮನ ಗೆರೆ ಎಡಗಡೆ ಸಾಕಷ್ಟು ಮೇಲಿದ್ದು, ಬಲಕ್ಕೆ ಬರುಬರುತ್ತ ಆಗುಂಬೆ ಘಾಟಿ ಇಳಿದ ಹಾಗೆ ಕೆಳಗೆ ಇಳಿದಿತ್ತು. ವಯಸ್ಸಾದವರಲ್ಲಿ ಇದು ಸಾಮಾನ್ಯವೆಂದು ಅಲ್ಲಿಯ ತಜ್ಞೆ ತಿಳಿಸಿ ಹೇಳಿದರು. ಎಳೆಯ ಕಿವಿ ೨೦ ಹರ್ಟ್ಸಿನಿಂದ ೨೦,೦೦೦ ಹರ್ಟ್ಸಿನವರೆಗೆ ಕೇಳಬಲ್ಲದು; ಮುಪ್ಪು ಮೇಲಿನ ತುದಿಯಿಂದ ಕೊರೆಯುತ್ತ ಬರುತ್ತದೆ. ಅ, ಆ, ಓ ಮುಂತಾದ ಸ್ವರಗಳ ಬಲವೆಲ್ಲ ಕೆಳಗಿನ ದನಿಗಳಲ್ಲಿದೆ. ಸ, ಶ, ತ, ಕ ಮೊದಲಾದ ವ್ಯಂಜನಗಳು ಮೇಲಿನ ದನಿಗಳವು, ಸಾಲದ್ದಕ್ಕೆ ದುರ್ಬಲವಾದವು. ಮಾತಿನಲ್ಲಿ ಸದ್ದು ಸ್ವರದ್ದು, ಅರ್ಥ ಬಹುಮಟ್ಟಿಗೆ ವ್ಯಂಜನದ್ದು. ಅದಕ್ಕಾಗಿಯೇ ಟಿ.ವಿ.ಯ ಸದ್ದು ಏರಿಸಿದಾಗ ಅಮ್ಮನಿಗೆ ಗದ್ದಲ ಹೆಚ್ಚಿತೇ ಹೊರತು ಮಾತು ತಿಳಿಯಲಿಲ್ಲ. ಇನ್ನೊಂದು ಸಂಗತಿಯೂ ತಿಳಿಯಿತು. ದಪ್ಪ ದನಿ ಹೆಚ್ಚಾದಷ್ಟೂ ಅದು ತನಗಿಂತ ಮೇಲಿನ ಸಣ್ಣ ದನಿಗಳನ್ನು ಮುಚ್ಚಿಹಾಕುತ್ತದೆ. ಗುಂಯ್‌ಗುಡುವ ಸ್ಪೀಕರು ಮುದುಕರ ವೈರಿ.

ಅಮ್ಮನ ಒಂದು ಕಿವಿಗೆ ಶ್ರವಣಯಂತ್ರ ಬಂತು. ಎರಡಕ್ಕೂ ಹಾಕಿದರೆ ಮೇಲು ಎಂದರು. ಆಗ ಒಂದಕ್ಕೆ ಮಾತ್ರ ಹಣ ಒದಗಿತು. ಎಂಥ ಸ್ಪೀಕರೂ ಆ ಯಂತ್ರಕ್ಕೆ ಬದಲಿಯಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಆದರೆ ಯಂತ್ರಕ್ಕೂ ಶುದ್ಧವಾದ ಸದ್ದನ್ನು ಕೊಟ್ಟರೆ ತಾನೆ ಅದು ಶುದ್ಧವಾಗಿ ದಾಟಿಸುವುದು?

ಸರಿ, ೨೦೨೩ರ ಯುಗಾದಿಗೆ ಮುಂಚೆ ತಂದೆ ಮಗ ಇಬ್ಬರೂ ಲ್ಯಾಮಿಂಗ್ಟನ್ ರಸ್ತೆಗೆ ಹೊರಟೆವು. ಗ್ರಾಂಟ್ ರೋಡ್ ಸ್ಟೇಷನ್ನಿನ ಬಳಿಯ ಆ ರಸ್ತೆಗೆ ಈಗ ಡಾಕ್ಟರ್ ಭಡಕಮಕರ ಮಾರ್ಗ ಎಂಬ ಹೆಸರಿದ್ದರೂ ಹಳೆಯ ಹೆಸರು ಹೋಗಿಲ್ಲ. ತಂತಿ, ಬಿಡಿಭಾಗ, ರೇಡಿಯೊ, ಕಂಪ್ಯೂಟರು ಎಂದು ತಲೆಮಾರುಗಳಿಂದ ಮುಂಬಯಿಗೆ ವಿದ್ಯುತ್ ಸಾಮಾನು ಒದಗಿಸಿದ ಬೀದಿ ಅದು. ಮೊದಲು ಹೊಕ್ಕ ಅಂಗಡಿಯಲ್ಲಿ ‘೫೦೦೦ ವ್ಯಾಟ್ ಪಿ.ಎಂ.ಪಿ.ಓ.’ ಎಂದು ಬರೆದ ಪೆಟ್ಟಿಗೆಗಳು ಕಣ್ಣು ಕುಕ್ಕುತ್ತಿದ್ದವು. ಈ ಪಿ.ಎಂ.ಪಿ.ಓ. ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ, ಬರೆದವನು ಬರೆದಷ್ಟು. ನೋಡಬೇಕಾದದ್ದು ಬೇರೆ. ಒಂದು ವ್ಯಾಟ್ ಕೊಟ್ಟು ಒಂದು ಮೀಟರು ದೂರದಲ್ಲಿ ಅಳೆದರೆ ಸ್ಪೀಕರು ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಎಂಬ ಲೆಕ್ಕ, ಅದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ. ೮೫ ಇರುವುದಕ್ಕೂ ೮೮ ಇರುವುದಕ್ಕೂ ವ್ಯತ್ಯಾಸ ಬರಿಯ ಮೂರು ಎಂದು ಕಂಡರೂ, ಅದೇ ಸದ್ದಿಗೆ ಎರಡನೆಯದಕ್ಕೆ ಅರ್ಧದಷ್ಟು ವಿದ್ಯುತ್ತು ಸಾಕು. ಸ್ಪೀಕರು ೮ ಓಮಿನದೋ ೪ ಓಮಿನದೋ ಎಂಬುದನ್ನೂ ನೋಡಬೇಕು. ೪ ಓಮಿನದನ್ನು ಎಳೆಯಲು ಅಗ್ಗದ ರಿಸೀವರು ಏದುಸಿರು ಬಿಡುತ್ತದೆ. ಎಂಟಡಿ ದೂರದಲ್ಲಿ ಕೂರುವ ನಮ್ಮಂಥವರಿಗೆ ಸಾಧಾರಣವಾಗಿ ಕೆಲವೇ ವ್ಯಾಟು ಧಾರಾಳವಾಯಿತು.

ಎರಡನೆಯ ಪ್ರಶ್ನೆ, ನೆಲದ ಮೇಲೆ ನಿಲ್ಲುವ ಎತ್ತರದ ಟವರು ಸ್ಪೀಕರೋ, ಸ್ಟ್ಯಾಂಡಿನ ಮೇಲಿಡುವ ಸಣ್ಣ ಬುಕ್‌ಶೆಲ್ಫ್ ಸ್ಪೀಕರೋ? ಮಗನ ಕಣ್ಣು ಟವರಿನ ಮೇಲೆ. ನೋಡಲು ಅವು ದ್ವಾರಪಾಲಕರಂತೆ ಭವ್ಯವಾಗಿದ್ದವು, ಸುಳ್ಳಲ್ಲ. ಆದರೆ ನಮ್ಮ ಹಾಲು ಹದಿನಾಲ್ಕಡಿ ಉದ್ದ, ಹತ್ತಡಿ ಅಗಲ. ಪ್ರತಿ ಕೋಣೆಗೂ ತನ್ನದೇ ಆದ ಗುಂಯ್ ಎನ್ನುವ ಶ್ರುತಿಯಿರುತ್ತದೆ. ೫೬೫ ಅನ್ನು ಕೋಣೆಯ ಅಡಿಗಳಿಂದ ಭಾಗಿಸಿದರೆ ಆ ಶ್ರುತಿ ಸಿಗುತ್ತದೆ. ಹದಿನಾಲ್ಕಡಿಗೆ ಸುಮಾರು ೪೦ ಹರ್ಟ್ಸ್, ಹತ್ತಡಿಗೆ ಸುಮಾರು ೫೬. ಟವರು ಸ್ಪೀಕರು ಆ ಆಳಕ್ಕೂ ಇಳಿದು ಹಾಡಬಲ್ಲದು, ಕೋಣೆ ಅದಕ್ಕೆ ದನಿಗೂಡಿಸುತ್ತದೆ, ನಡುವೆ ಮಾತು ಮುಳುಗುತ್ತದೆ. ಅಲ್ಲದೆ ಅದನ್ನು ಗೋಡೆಯಿಂದ ಎರಡಡಿ ಈಚೆಗೆ ಇಡಬೇಕು. ಅಷ್ಟು ಜಾಗದಲ್ಲಿ ಡೊಂಬಿವಲಿಯಲ್ಲಿ ಒಬ್ಬ ನೆಂಟ ಮಲಗುತ್ತಾನೆ. ಮುಂದೊಂದು ದಿನ ಸಬ್ ವೂಫರು ಬರುವುದೇ ಆದರೆ ೮೦ ಹರ್ಟ್ಸಿನ ಕೆಳಗಿನ ಕೆಲಸವನ್ನೆಲ್ಲ ಅದಕ್ಕೇ ಒಪ್ಪಿಸುವುದು ರೂಢಿ. ಅಷ್ಟು ಕೆಳಗಿನ ದನಿ ಎಲ್ಲಿಂದ ಬಂತೆಂದು ಕಿವಿಗೆ ಸುಲಭವಾಗಿ ಗೊತ್ತಾಗುವುದೂ ಇಲ್ಲ. ಅದಕ್ಕೆ ಬೇರೆ ಪೆಟ್ಟಿಗೆಯಿದ್ದರೆ ಬೇಕಾದಾಗ ಅದರ ಬಾಯಿ ಮಾತ್ರ ಮುಚ್ಚಬಹುದು. ಕಾಯಿದೆಯ ವಿಚಾರವೂ ಇದೆಯಲ್ಲ: ೨೦೦೦ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶಕ್ಕೆ ಹಗಲಿನಲ್ಲಿ ೫೫ ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ೪೫ ಎಂಬ ಮಿತಿ. ಕಾಯಿದೆಗಿಂತ ಮೊದಲು ಪಕ್ಕದ ಮನೆಯ ಗೋಡೆಯಿದೆ. ದಪ್ಪ ದನಿಯೇ ಅದನ್ನು ದಾಟುವುದು. ಹೀಗೆ ವಾದ ಬೆಳೆದು ಟವರು ಬಿತ್ತು, ಬುಕ್‌ಶೆಲ್ಫ್ ಗೆದ್ದಿತು.

ಅದರಲ್ಲೂ ಮೂರು ಜಾತಿ. ಕೆಲವು ಪೆಟ್ಟಿಗೆಗಳಿಗೆ ಬೆನ್ನಿನಲ್ಲಿ ಕೊಳವೆಯ ಬಾಯಿ ಇರುತ್ತದೆ, ಕೆಲವಕ್ಕೆ ಮುಂದೆ, ಕೆಲವು ಪೂರ್ತಿ ಮುಚ್ಚಿದವು. ಬೆನ್ನಿನಲ್ಲಿ ಬಾಯಿರುವುದನ್ನು ಗೋಡೆಗೆ ಒತ್ತಿಟ್ಟರೆ ದಪ್ಪ ದನಿ ಉಬ್ಬುತ್ತದೆ. ಗೋಡೆಯ ಹತ್ತಿರವೇ ಇಡಬೇಕಾದ ಮನೆಗಳಿಗೆ ಮುಂದೆ ಬಾಯಿರುವುದು ಇಲ್ಲವೆ ಮುಚ್ಚಿದ ಪೆಟ್ಟಿಗೆ ಹೆಚ್ಚು ಹೊಂದುತ್ತದೆ. ಇನ್ನೊಂದು ಮುಂದಾಲೋಚನೆ: ಆರಿಸಿದ ಜೋಡಿಯ ಕುಲದಲ್ಲೇ ನಡುವಿನ ಸ್ಪೀಕರೂ ತಯಾರಾಗುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಬೇರೆ ಕುಲದ್ದನ್ನು ತಂದರೆ, ಎಡದಿಂದ ಬಲಕ್ಕೆ ನಡೆಯುವ ಪಾತ್ರದ ಕಂಠ ನಡುವೆ ಬಂದಾಗ ಬದಲಾಗುತ್ತದೆ. ತಯಾರಕರು ಕೆಲವು ವರ್ಷಕ್ಕೊಮ್ಮೆ ಮಾದರಿ ಬದಲಿಸುವುದರಿಂದ ಕಂತಿನ ಮೇಲೆ ಥಿಯೇಟರು ಕಟ್ಟುವವರಿಗೆ ಇದು ಬಹಳ ಮುಖ್ಯ.

ಇಷ್ಟೆಲ್ಲ ಕಾಗದದ ಮೇಲಿನ ಜಾತಕ. ಕಿವಿಯ ಪರೀಕ್ಷೆ ಇನ್ನೂ ಬಾಕಿ. ಅಂಗಡಿಯ ಹುಡುಗ ತನ್ನ ಪೆನ್ ಡ್ರೈವಿನಿಂದ ಮೋಟಾರು ಓಟ, ಹೆಲಿಕಾಪ್ಟರು, ಬಾಂಬು ಹಾಕಿದ. ಇವುಗಳಲ್ಲಿ ಯಾವ ಸ್ಪೀಕರೂ ಕೆಟ್ಟದಾಗಿ ಕೇಳುವುದಿಲ್ಲ. ಬಾಂಬು ಸರಿಯಾಗಿ ಸಿಡಿಯಿತೇ ಎಂದು ಹೇಳಲು ನಾವೇನು ಬಾಂಬು ಕೇಳಿ ಬೆಳೆದವರೇ? ನಾವು ಕೇಳಿ ಬೆಳೆದದ್ದನ್ನು ಕೊಂಡುಹೋಗಿದ್ದೆವು. ಮೊದಲನೆಯದು ಒಂದು ತಾಳಮದ್ದಳೆಯ ಮುದ್ರಿಕೆ. ಸ್ಪೀಕರಿನ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದು ಸಿಗಲಾರದು: ತಾಳದ ಕಿಣಿಕಿಣಿಯಲ್ಲಿ ಮೇಲಿನ ಸಣ್ಣ ಟ್ವೀಟರಿನ ಯೋಗ್ಯತೆ ತಿಳಿಯುತ್ತದೆ, ಮದ್ದಳೆಯಲ್ಲಿ ಕೆಳಗಿನ ವೂಫರಿನದು, ಚೆಂಡೆಯ ಪೆಟ್ಟಿನಲ್ಲಿ ಎರಡರ ಚುರುಕುತನ, ಅರ್ಥಧಾರಿಯ ಮಾತಿನಲ್ಲಿ ಇಡೀ ಪೆಟ್ಟಿಗೆಯ ನಡತೆ. ಎರಡನೆಯದು ಗಂಗೂಬಾಯಿ ಹಾನಗಲ್ಲರ ಖ್ಯಾಲು. ಆ ಗಂಭೀರವಾದ ತಗ್ಗು ಕಂಠ ಗುಂಯ್‌ಗುಡುವ ಪೆಟ್ಟಿಗೆಯಲ್ಲಿ ಹಂಡೆಯೊಳಗಿಂದ ಬಂದಂತೆ ಕೇಳುತ್ತದೆ. ಮೂರನೆಯದು ನಮ್ಮಾಕೆಯ ಉಪಾಯ. ಅವಳು ತನ್ನ ದನಿಯಲ್ಲೇ ಫೋನಿನ ಮೇಲೆ ಒಂದು ಪಟ್ಟಿ ಓದಿ ಮುದ್ರಿಸಿಕೊಟ್ಟಿದ್ದಳು: ಹಾಲು, ಹಾಳು, ಬೆಲೆ, ಬೆಳೆ, ಮನೆ, ಮಣೆ, ಕೊಲೆ, ಕೊಳೆ, ಹೀಗೆ ನಲವತ್ತು ಪದಗಳು, ಹಿಂದುಮುಂದಾಗಿ. “ಕೊಲೆ ಆಯಿತೋ ಕೊಳೆ ಆಯಿತೋ ತಿಳಿಯದಿದ್ದರೆ ಸಿನೇಮಾ ನೋಡಿ ಏನು ಪ್ರಯೋಜನ?” ಎಂದು ಅವಳ ಪ್ರಶ್ನೆ.

ಹಾಸ್ಯವೆನಿಸಿದರೂ ಅದರಲ್ಲಿ ತಥ್ಯವಿತ್ತು. ಸಣ್ಣ ಸ್ಪೀಕರುಗಳಲ್ಲಿ ವೂಫರು ತನ್ನ ಕೆಲಸವನ್ನು ಟ್ವೀಟರಿಗೆ ಒಪ್ಪಿಸುವ ಗಡಿ ಸಾಮಾನ್ಯವಾಗಿ ೨೦೦೦ದಿಂದ ೩೦೦೦ ಹರ್ಟ್ಸಿನ ಆಸುಪಾಸು. ಲಕಾರವನ್ನು ಳಕಾರದಿಂದ ಬೇರೆ ಮಾಡುವ ಗುರುತೂ ಬಹಳಮಟ್ಟಿಗೆ ಅಲ್ಲಿಯೇ ಇದೆ. ಹಸ್ತಾಂತರ ನಯವಾಗಿ ಆಗದಿದ್ದರೆ ಹಾಲೂ ಹಾಳೂ ಒಂದೇ.

ಅಂಗಡಿಯಲ್ಲಿ ಮಗ ಒಂದು ಜಾಣತನ ಮಾಡಿದ. ಎರಡು ಜೋಡಿಗಳಲ್ಲಿ ಸ್ವಲ್ಪ ಹೆಚ್ಚು ಸದ್ದು ಮಾಡುವುದು ಯಾವಾಗಲೂ ಮೇಲೆನಿಸುತ್ತದಂತೆ. ಅದಕ್ಕೆ ಫೋನಿನ ಅಳತೆಗೋಲಿನಿಂದ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು, ಅದೂ ಮೆಲ್ಲಗೆ ಇಟ್ಟು ಕೇಳಿಸಿದ. ಐದು ಜೋಡಿಗಳಲ್ಲಿ ಮೂರು ಅಲ್ಲಿಯೇ ಉದುರಿದವು. ಉಳಿದ ಎರಡನ್ನು ಠೇವಣಿಯಿಟ್ಟು ಎರಡು ದಿನದ ಮಟ್ಟಿಗೆ ಮನೆಗೆ ತಂದೆವು. ಅಂಗಡಿಯ ದಪ್ಪ ರತ್ನಗಂಬಳಿಯ ಕೋಣೆ ಬೇರೆ, ನಮ್ಮ ಟೈಲ್ಸಿನ ಹಾಲು ಬೇರೆ. ಕೊಳ್ಳುವವರು ತಮ್ಮ ಕೋಣೆಯಲ್ಲೇ ಕೇಳಿ ಕೊಳ್ಳಬೇಕು. ಕೇಳಿದರೆ ಒಪ್ಪುವ ಅಂಗಡಿಯವರಿದ್ದಾರೆ.

ಆ ಶನಿವಾರ ಅಮ್ಮನ ಕುರ್ಚಿ ಬಾಲ್ಕನಿಯಿಂದ ಎದ್ದು ಹಾಲಿನ ನಟ್ಟನಡುವಿಗೆ ಬಂತು. ಎರಡು ಸ್ಪೀಕರುಗಳ ನಡುವೆ ಏಳಡಿ, ಪ್ರತಿಯೊಂದರಿಂದ ಕುರ್ಚಿಗೆ ಏಳಡಿ, ಸಮಭುಜ ತ್ರಿಕೋನ. ಟ್ವೀಟರು ಕುಳಿತವರ ಕಿವಿಯ ಎತ್ತರಕ್ಕೆ. ನೆಲದ ಮೇಲೆ ಊರಿನ ಹಳೆಯ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟೆವು. ಚಪ್ಪಾಳೆ ತಟ್ಟಿದರೆ ಬರುತ್ತಿದ್ದ ಮರುದನಿ ಅರ್ಧ ಅಡಗಿತು. ಖರ್ಚಿಲ್ಲದ ಈ ಕೆಲಸದಿಂದ ಮಾತಿಗೆ ಆಗುವ ಉಪಕಾರ ಸಾವಿರಾರು ರೂಪಾಯಿ ಸುರಿದರೂ ಆಗದು. ಪದಗಳ ಪಟ್ಟಿ ಶುರುವಾಯಿತು. ಅಮ್ಮ ಕೇಳಿದ್ದನ್ನು ಹೇಳಬೇಕು, ಮೊಮ್ಮಗ ಕಾಗದದಲ್ಲಿ ಗುರುತು ಹಾಕಬೇಕು. ಅಂಗಡಿಯಲ್ಲಿ ನಮಗೆ ಹೆಚ್ಚು ಮೆಚ್ಚಿಗೆಯಾಗಿದ್ದ ಮೊದಲನೆಯ ಜೋಡಿಯಲ್ಲಿ ಅಮ್ಮನ ಕೊಲೆ ಕೊಳೆಯೆಲ್ಲ ಬೆರೆತುಹೋಯಿತು. ಎರಡನೆಯದು ನೋಡಲು ಸಾದಾ, ದಪ್ಪ ದನಿಯಲ್ಲೂ ಬಡವ. ಆದರೆ ಅದರಲ್ಲಿ ತಪ್ಪು ಅರ್ಧಕ್ಕೆ ಇಳಿಯಿತು. ತಾಳಮದ್ದಳೆ ಹಾಕಿದಾಗ ಅರ್ಥಧಾರಿಯ ಒಂದು ವಾಕ್ಯ ಮುಗಿಯುವುದರೊಳಗೆ ಅಮ್ಮ ನಕ್ಕರು. ನಾವು ಯಾರೂ ವಿವರಿಸಿರಲಿಲ್ಲ. ಮಗ ಟವರನ್ನೂ ಬಾಂಬನ್ನೂ ಮರೆತು, “ಇದೇ ಇರಲಿ ಅಪ್ಪ” ಎಂದ.

ನಮಗೆ ಅಚ್ಚರಿ ತಂದವಳು ಸೊಸೆ. ಪಟ್ಟಿಯನ್ನು ಕೇಳುತ್ತ ಅವಳು ಒಂದೂ ತಪ್ಪದೆ ಲ, ಳ, ನ, ಣ ಬೇರೆ ಮಾಡಿದಳು. ಮರಾಠಿಯಲ್ಲೂ ಕಾಲ್ ಎಂದರೆ ನಿನ್ನೆ, ಕಾಳ್ ಎಂದರೆ ಕಾಲ. ವೇಲ್ ಎಂದರೆ ಬಳ್ಳಿ, ವೇಳ್ ಎಂದರೆ ಹೊತ್ತು. ಹಿಂದಿಯ ಗಾಳಿಗೆ ನಾಲಗೆಯಲ್ಲಿ ಳಕಾರ ಸವೆದಿದ್ದವನು ನಮ್ಮ ಮೊಮ್ಮಗ ಒಬ್ಬನೇ. ಎರಡು ಅಜ್ಜಿಯರ ಭಾಷೆಯಲ್ಲೂ ಇರುವ ಅಕ್ಷರ ತನ್ನ ಬಾಯಲ್ಲಿ ಇಲ್ಲವೆಂದು ಅವನಿಗೆ ಅವಮಾನವಾಗಿರಬೇಕು. ಆ ಪಟ್ಟಿ ಬಹಳ ದಿನ ಅವನ ಆಟವಾಯಿತು.

ಮುಂದಿನದು ನಿಧಾನವಾಗಿ ನಡೆಯಿತು. ಸ್ಟ್ಯಾಂಡುಗಳನ್ನು ಸ್ಟೇಷನ್ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ ಕೊಳವೆಯಲ್ಲಿ ಮರಳು ತುಂಬಿಸಿದೆವು. ಮೊದಲ ವರ್ಷ ಸ್ನೇಹಿತರೊಬ್ಬರು ಕೊಟ್ಟ ಹಳೆಯ ಎರಡು ದಾರಿಯ ಆಂಪ್ಲಿಫಯರಿನಿಂದಲೇ ಕೆಲಸ ಸಾಗಿತು. ೨೦೨೪ರಲ್ಲಿ ರಿಸೀವರು ಬಂತು, ಹಿಂದೆಯೇ ಅದೇ ಕುಲದ ನಡುವಿನ ಸ್ಪೀಕರು. ನಡುವಿನದು ಬಂದ ಮೇಲೆ ಎರಡು ಲಾಭವಾಯಿತು: ಬದಿಯಲ್ಲಿ ಕುಳಿತವರಿಗೂ ಮಾತು ಪರದೆಯಿಂದಲೇ ಬರತೊಡಗಿತು, ಸಂಭಾಷಣೆಯನ್ನು ಮಾತ್ರ ಎರಡು ಮೂರು ಡೆಸಿಬೆಲ್ ಎತ್ತರಿಸಿ ಉಳಿದ ಗದ್ದಲವನ್ನು ಇದ್ದಲ್ಲೇ ಇಡಲು ಸಾಧ್ಯವಾಯಿತು. ೨೦೨೫ರಲ್ಲಿ ಒಂದು ಸಣ್ಣ ಸಬ್ ವೂಫರು ಮೂಲೆ ಸೇರಿತು. ರಾತ್ರಿ ಹತ್ತಾದರೆ ಅದಕ್ಕೆ ರಜೆ.

‘ಕಾಂತಾರ’ವನ್ನು ಮತ್ತೊಮ್ಮೆ ಹಾಕಿದಾಗ ಅಮ್ಮ ನೆಟ್ಟಗೆ ಕುಳಿತು, “ಇದ್ ನಮ್ ಬದಿ ಮಾತಲ್ದಾ!” ಎಂದರು. ಎಲ್ಲವೂ ಕೇಳಿಸಿತೆಂದಲ್ಲ. ನೂರಕ್ಕೆ ನೂರು ಕೇಳಿಸುವ ಕಾಲ ಮುಗಿದಿದೆ. ಆದರೆ ಮೊಮ್ಮಗ ಅರ್ಥವಾಗದ ಮಾತನ್ನು ಅಜ್ಜಿಯನ್ನು ಕೇಳುತ್ತಾನೆ, ಅಜ್ಜಿ ಕೇಳಿಸದ ಮಾತನ್ನು ಮೊಮ್ಮಗನನ್ನು ಕೇಳುತ್ತಾರೆ. ಇಬ್ಬರ ನಡುವೆ ಒಂದು ಪೂರ್ತಿ ಚಿತ್ರ ಆಗುತ್ತದೆ. ಶನಿವಾರ ರಾತ್ರಿ ಇಂಗ್ಲಿಷ್ ಅಕ್ಷರಗಳನ್ನು ಆರಿಸುವುದು ಈಗ ಮನೆಯ ಪದ್ಧತಿ.

ಕಂತಿನ ಮೇಲೆ ಕಟ್ಟುವವರಿಗೆ ನಾವು ಹೇಳಬಹುದಾದ ಮಾತು ಇಷ್ಟೇ. ಹಣವನ್ನು ಕಾಯಿಸಬಹುದು, ಕಿವಿಯನ್ನು ಕಾಯಿಸಲಾಗದು. ಎಲ್ಲ ಕೂಡಿದ ಮೇಲೆ ಒಂದೇ ಸಲಕ್ಕೆ ತರೋಣವೆಂದು ನಾವು ಮೂರು ವರ್ಷ ಉಳಿಸುತ್ತ ಕುಳಿತಿದ್ದರೆ, ಅಮ್ಮ ಕೇಳಿದ ಆ ಮೂರು ವರ್ಷದ ಶನಿವಾರಗಳನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗುತ್ತಿರಲಿಲ್ಲ. ಆದ್ದರಿಂದ ಮನೆಯಲ್ಲಿ ಯಾರ ಕಿವಿಗೆ ಅವಸರವಿದೆಯೆಂದು ಮೊದಲು ನೋಡಿ, ಆ ಕಿವಿಗೆ ಬೇಕಾದದ್ದನ್ನು ಮೊದಲ ಕಂತಿನಲ್ಲಿ ತನ್ನಿ. ಉಳಿದದ್ದು ಬಂದಾಗ ಬರಲಿ.

ನಮ್ಮಲ್ಲಿ ಇನ್ನೂ ಬಾರದೆ ಉಳಿದಿರುವುದು ಬೆನ್ನ 뒤ಿನ ಎರಡು ಸ್ಪೀಕರುಗಳು. ಅವುಗಳಿಗೆಂದು ಹಣ ಕೂಡಿತ್ತು. ಅಷ್ಟರಲ್ಲಿ ಅಮ್ಮನ ಕಿವಿಯ ಹೊಸ ನಕ್ಷೆ ಬಂತು. ಘಾಟಿ ಇನ್ನಷ್ಟು ಕಡಿದಾಗಿದೆ. ಮಗನೇ ಲೆಕ್ಕ ಹಾಕಿ, ಆ ಹಣದಲ್ಲಿ ಅಮ್ಮನ ಎರಡನೆಯ ಕಿವಿಗೂ ಯಂತ್ರ ತರೋಣವೆಂದ. ತಂದೆವು. ನಮ್ಮ ಥಿಯೇಟರಿನ ನಾಲ್ಕನೆಯ ಕಂತು ಅದೇ.